ಬಿಚ್ಚದೆ ಉಳಿದ ಪೊಟ್ಟಣಗಳು

1977ರ ಕ್ರಿಸ್‌ಮಸ್‌ ಹೊತ್ತಿಗೆ ಅಮೆರಿಕದ ಅಂಗಡಿಗಳಲ್ಲಿ ಮಕ್ಕಳಿಗೆಂದು ಒಂದು ತೆಳ್ಳನೆಯ ರಟ್ಟಿನ ಲಕೋಟೆ ಮಾರಾಟಕ್ಕಿತ್ತು. ಅದರೊಳಗೆ ಆಟಿಕೆ ಇರಲಿಲ್ಲ. ಹನ್ನೆರಡು ಪಾತ್ರಗಳ ಚಿತ್ರವಿದ್ದ, ಮಡಚಿ ನಿಲ್ಲಿಸಬಹುದಾದ ಒಂದು ರಟ್ಟು, ಕೆಲವು ಸ್ಟಿಕ್ಕರುಗಳು, ಒಂದು ಕ್ಲಬ್ಬಿನ ಸದಸ್ಯತ್ವದ ಕಾರ್ಡು ಮತ್ತು ಹೆಸರು ವಿಳಾಸ ತುಂಬಿ ಅಂಚೆಗೆ ಹಾಕಬೇಕಾದ ಒಂದು ಚೀಟಿ ಇದ್ದವು. ಚೀಟಿ ಕಳಿಸಿದವರಿಗೆ ಮುಂದಿನ ವರ್ಷದ ಫೆಬ್ರವರಿ 1ರಿಂದ ಜೂನ್ 1ರ ನಡುವೆ ನಾಲ್ಕು ಗೊಂಬೆಗಳು ಮನೆಗೆ ಬರುತ್ತವೆ ಎಂಬುದು ಕರಾರು. ಲ್ಯೂಕ್ ಸ್ಕೈವಾಕರ್, ರಾಜಕುಮಾರಿ ಲೇಯಾ, ಚ್ಯೂಬಾಕಾ ಮತ್ತು ಆರ್‌ಟೂ-ಡಿಟೂ. ಅಲ್ಲಿಯತನಕ ಮಗು ರಟ್ಟಿನ ಮೇಲಿನ ಚಿತ್ರವನ್ನು ನೋಡುತ್ತ ಕಾಯಬೇಕು.

ಕೆನ್ನರ್ ಎಂಬ ಕಂಪನಿ ಹೀಗೆ ಹಣ ತೆಗೆದುಕೊಂಡು ಮಾರಿದ್ದು ಕಾಯುವುದನ್ನೇ. 'ಅರ್ಲಿ ಬರ್ಡ್' ಎಂದು ಅದರ ಹೆಸರು. ಸ್ಟಾರ್ ವಾರ್ಸ್ ಗೊಂಬೆಗಳ ಸಂಗ್ರಾಹಕರಿಗೆ ಇವತ್ತು ಆ ಲಕೋಟೆ ದೊಡ್ಡ ಸಂಪತ್ತು. ಅದರಲ್ಲೂ ಚೀಟಿಯನ್ನು ಕತ್ತರಿಸದೆ, ಅಂಚೆಗೆ ಹಾಕದೆ, ಗೊಂಬೆಗಳನ್ನು ತರಿಸಿಕೊಳ್ಳದೆ ಹಾಗೇ ಬಿಟ್ಟ ಲಕೋಟೆ. ನಾಲ್ಕು ಗೊಂಬೆಗಳು ಯಾವ ಮಗುವಿಗೆ ಎಂದೂ ತಲುಪಲಿಲ್ಲವೋ ಆ ಮಗುವಿನ ಲಕೋಟೆಯೇ ಇವತ್ತು ಪರಿಪೂರ್ಣ.

ಆಟಿಕೆಗಳ ಇತಿಹಾಸ ಬರೆಯಲು ಹೊರಟವರಿಗೆ ಈ ಲಕೋಟೆ ಒಂದು ತೊಡಕನ್ನು ಮೊದಲ ಹೆಜ್ಜೆಯಲ್ಲೇ ಒಡ್ಡುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು, ಕನ್ನಡ ಪುಸ್ತಕಗಳ ಮೇಲೆ ಸಂಶೋಧನೆ ಮಾಡುವ ನಾನು ಈ ಗೊಂಬೆಗಳ ಹತ್ತಿರ ಬಂದದ್ದು ಹೇಗೆ ಎಂದು ಹೇಳಿಬಿಡಬೇಕು.

ನನ್ನ ಪಿಎಚ್‌ಡಿ ವಿಷಯ ಕಳೆದ ಶತಮಾನದ ನಡುಭಾಗದ ಜನಪ್ರಿಯ ಕನ್ನಡ ಕಾದಂಬರಿಗಳ ಮುದ್ರಣ. ಅಗ್ಗದ ಕಾಗದದಲ್ಲಿ ಅಚ್ಚಾದ, ಅನೇಕ ಸಲ ಇಸವಿಯನ್ನೇ ಹಾಕದ ಪುಸ್ತಕಗಳು ಅವು. ಇಸವಿ ಇಲ್ಲದ ಪುಸ್ತಕಕ್ಕೆ ಕಾಲ ಕಟ್ಟಬೇಕಾದರೆ ನಾನು ಮೊದಲು ನೋಡುವುದು ಹಿಂದಿನ ರಕ್ಷಾಪುಟ. ಅಲ್ಲಿ ಪ್ರಕಾಶಕರ ಇತರ ಪುಸ್ತಕಗಳ ಪಟ್ಟಿ ಇರುತ್ತದೆ. ಬೆಲೆ ಆಣೆಯಲ್ಲಿದ್ದರೆ ಅದು 1957ರ ದಶಮಾಂಶ ನಾಣ್ಯಪದ್ಧತಿಗೆ ಹಿಂದಿನದು ಅಥವಾ ಅದರ ಆಸುಪಾಸಿನದು. 'ನಯಾ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವೆ ಹುಡುಕಬಹುದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಪಟ್ಟಿಯಲ್ಲಿ ಎಂಟು ಪುಸ್ತಕಗಳಿದ್ದರೆ ಒಂದು ಮುದ್ರಣ, ಹನ್ನೊಂದಿದ್ದರೆ ಆಮೇಲಿನದು. ಒಳಗಿನ ಕಥೆ ಒಂದಕ್ಷರವೂ ಬದಲಾಗಿರುವುದಿಲ್ಲ. ಕಾಲ ಹೇಳುವುದು ಬೆನ್ನು ಮಾತ್ರ.

ಈ ಕೆಲಸಕ್ಕೆ ಬೇರೆ ಕಡೆ ಯಾರಾದರೂ ಪದ್ಧತಿ ಕಟ್ಟಿದ್ದಾರೆಯೇ ಎಂದು ಹುಡುಕುತ್ತಿದ್ದಾಗ ಒಂದು ಹರಾಜು ಸಂಸ್ಥೆಯ ಕ್ಯಾಟಲಾಗಿನಲ್ಲಿ '12-ಬ್ಯಾಕ್', '20-ಬ್ಯಾಕ್', '21-ಬ್ಯಾಕ್' ಎಂಬ ಪದಗಳು ಕಣ್ಣಿಗೆ ಬಿದ್ದವು. ಪ್ಲಾಸ್ಟಿಕ್ ಗೊಂಬೆಗಳ ಕಾರ್ಡಿನ ಬೆನ್ನಿಗೆ ಅವರು ಇಟ್ಟ ಹೆಸರು. ಓದುತ್ತ ಹೋದಂತೆ ನನಗೆ ನಾಚಿಕೆಯೇ ಆಯಿತು. ನಾನು ಅರೆಬರೆಯಾಗಿ, ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿಕೊಂಡು ಮಾಡುತ್ತಿದ್ದ ಕೆಲಸವನ್ನು ವಿಶ್ವವಿದ್ಯಾಲಯದ ಹಂಗಿಲ್ಲದ ಹವ್ಯಾಸಿಗಳು ಹಲವು ದಶಕಗಳಿಂದ, ಸಣ್ಣ ಸಣ್ಣ ವ್ಯತ್ಯಾಸವನ್ನೂ ಬಿಡದೆ, ಒಂದು ಶಾಸ್ತ್ರದ ಮಟ್ಟಕ್ಕೆ ತಂದಿದ್ದರು.

ಕೆನ್ನರ್ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಕಂಪನಿ. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಸ್ಟೈನರ್ ಸೋದರರು ಅಲ್ಲಿನ ಕೆನ್ನರ್ ಬೀದಿಯ ಹೆಸರಿನಲ್ಲೇ ಶುರುಮಾಡಿದ್ದು. ಬಲ್ಬಿನ ಶಾಖದಲ್ಲಿ ಪುಟ್ಟ ಕೇಕ್ ಬೇಯಿಸುವ ಈಸಿ-ಬೇಕ್ ಒಲೆ 1963ರಲ್ಲಿ ಅವರಿಗೆ ಹೆಸರು ತಂದಿತು. 1967ರಲ್ಲಿ ಜನರಲ್ ಮಿಲ್ಸ್ ಎಂಬ ಆಹಾರ ಕಂಪನಿ ಅದನ್ನು ಕೊಂಡುಕೊಂಡಿತು. ಜಾರ್ಜ್ ಲ್ಯೂಕಾಸ್ ಅವರ ಸಿನೆಮಾದ ಆಟಿಕೆಗಳ ಹಕ್ಕು ಮೊದಲು ಹೋದದ್ದು ಆಗ ಮುಂಚೂಣಿಯಲ್ಲಿದ್ದ ಮೀಗೋ ಕಂಪನಿಯ ಬಳಿಗೆ. ಅವರು ಬೇಡವೆಂದರು. ಕೆನ್ನರ್‌ನಲ್ಲಿ ಚಿತ್ರಕಥೆ ಓದಿ ಉತ್ಸಾಹಗೊಂಡವರಲ್ಲಿ ಜಿಮ್ ಸ್ವೇರಿಂಜನ್ ಎಂಬ ಯುವ ವಿನ್ಯಾಸಕಾರ ಒಬ್ಬರು. ಕಂಪನಿಯ ಅಧ್ಯಕ್ಷ ಬರ್ನಾರ್ಡ್ ಲೂಮಿಸ್ ಒಪ್ಪಿದರು. ಸಿನೆಮಾ 1977ರ ಮೇ 25ರಂದು ತೆರೆಕಂಡಿತು. ಉಕ್ಕಿನಲ್ಲಿ ಅಚ್ಚು ಕೊರೆದು, ಪ್ಲಾಸ್ಟಿಕ್ ಎರಕ ಹೊಯ್ದು, ಬಣ್ಣ ಬಳಿದು, ಹಡಗಿಗೆ ಹಾಕಿ ತರಿಸುವಷ್ಟು ಸಮಯ ಡಿಸೆಂಬರಿನೊಳಗೆ ಇರಲಿಲ್ಲ. ಖಾಲಿ ಲಕೋಟೆ ಹುಟ್ಟಿದ್ದು ಹೀಗೆ.

ಗೊಂಬೆಯ ಗಾತ್ರದ ಬಗ್ಗೆ ಒಂದು ದಂತಕತೆ ಇದೆ. ಲೂಮಿಸ್ ತಮ್ಮ ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿ, ಲ್ಯೂಕ್ ಇಷ್ಟುದ್ದ ಇದ್ದರೆ ಹೇಗೆ ಎಂದರಂತೆ. ವಿನ್ಯಾಸ ವಿಭಾಗದವರು ಅಳತೆಪಟ್ಟಿ ಹಿಡಿದು ನೋಡಿದರೆ ಮೂರೂ ಮುಕ್ಕಾಲು ಇಂಚು. ಅಲ್ಲಿಂದ ಮುಂದೆ ಜಗತ್ತಿನ ಆಕ್ಷನ್ ಫಿಗರುಗಳ ಅಳತೆಯೇ ಅದಾಯಿತು. ಕತೆ ಚೆನ್ನಾಗಿದೆ, ಹೇಳಿದವರು ಸ್ವತಃ ಅದರಲ್ಲಿದ್ದವರು. ಆದರೂ ನನಗೆ ಪೂರ್ತಿ ನಂಬಿಕೆ ಇಲ್ಲ. ಫಿಷರ್-ಪ್ರೈಸ್ ಕಂಪನಿಯ 'ಅಡ್ವೆಂಚರ್ ಪೀಪಲ್' ಗೊಂಬೆಗಳು ಅದೇ ಅಳತೆಯಲ್ಲಿ ಆಗಲೇ ಮಾರುಕಟ್ಟೆಯಲ್ಲಿದ್ದವು. ಸ್ವೇರಿಂಜನ್ ಮೊದಲ ಮಾದರಿಗಳನ್ನು ತಯಾರಿಸಿದ್ದೇ ಆ ಗೊಂಬೆಗಳನ್ನು ಕೊಯ್ದು, ಅಂಟಿಸಿ, ಬಣ್ಣ ಬಳಿದು. ಬೇಡವೆಂದ ಮೀಗೋ ಕೂಡ 'ಮೈಕ್ರೋನಾಟ್ಸ್' ಎಂಬ ಅಂಥದೇ ಪುಟ್ಟ ಗೊಂಬೆಗಳನ್ನು ಮಾರುತ್ತಿತ್ತು. ಬೆರಳಿನಳತೆ ಆಕಾಶದಿಂದ ಇಳಿದು ಬರಲಿಲ್ಲ, ಮೇಜಿನ ಮೇಲೆ ಬಿದ್ದಿತ್ತು. ಲೂಮಿಸ್ ಅವರ ಜಾಣತನವಿದ್ದದ್ದು ಆ ಅಳತೆ ಏಕೆ ಬೇಕೆಂದು ಕಂಡುಕೊಂಡದ್ದರಲ್ಲಿ. ಈ ಸಿನೆಮಾದಲ್ಲಿ ಮನುಷ್ಯರಷ್ಟೇ ಮುಖ್ಯ ವಾಹನಗಳು. ಹ್ಯಾನ್ ಸೋಲೋನನ್ನು ಹಳೆಯ ಜಿ.ಐ. ಜೋ ಹಾಗೆ ಒಂದಡಿ ಎತ್ತರ ಮಾಡಿದರೆ ಅವನ ಮಿಲೇನಿಯಮ್ ಫಾಲ್ಕನ್ ಮಂಚದಷ್ಟು ದೊಡ್ಡದಾಗಬೇಕಾಗುತ್ತಿತ್ತು. ಗೊಂಬೆ ಕಿರಿದಾದರೆ ನೌಕೆ ಮಾರಬಹುದು, ಕೋಟೆ ಮಾರಬಹುದು, ಒಂದರ ಬದಲು ಹನ್ನೆರಡು ಗೊಂಬೆ ಮಾರಬಹುದು.

ಹುಡುಗರು ಗೊಂಬೆ ಆಡುವುದಿಲ್ಲ ಎಂಬ ಕಾರಣಕ್ಕೆ 'ಆಕ್ಷನ್ ಫಿಗರ್' ಎಂಬ ಪದವನ್ನೇ ಹಾಸ್‌ಬ್ರೋ ಕಂಪನಿ 1964ರಲ್ಲಿ ಜಿ.ಐ. ಜೋ ಮಾರಲು ಹುಟ್ಟಿಸಿತ್ತು. ನಾನು ಗೊಂಬೆ ಎಂದೇ ಬರೆಯುತ್ತೇನೆ. ಸಂಗ್ರಾಹಕರು ಮುನಿಸಿಕೊಂಡರೆ ಕೊಳ್ಳಲಿ.

ಒಂದೊಂದು ಗೊಂಬೆಯನ್ನೂ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಒಂದು ರಟ್ಟಿನ ಮೇಲಿಟ್ಟು, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಗುಳ್ಳೆ ಅಂಟಿಸಿ ಅಂಗಡಿಯ ಕೊಕ್ಕೆಗೆ ನೇತುಹಾಕುತ್ತಿದ್ದರು. ಮುಂದೆ ಪಾತ್ರದ ಫೋಟೋ, ಸಿನೆಮಾದ ಹೆಸರು. ಹಿಂದೆ, ಇಲ್ಲಿಯವರೆಗೆ ಬಂದ ಎಲ್ಲ ಗೊಂಬೆಗಳ ಚಿತ್ರ. ಎಲ್ಲವನ್ನೂ ಕೂಡಿಸಿಕೊಳ್ಳಿ ಎಂದು ಮಗುವಿಗೆ ಹಚ್ಚುವ ಗೀಳು ಅದು. 1978ರ ಮೊದಲ ಕಾರ್ಡುಗಳಲ್ಲಿ ಹನ್ನೆರಡು ಚಿತ್ರ. ಅದು 12-ಬ್ಯಾಕ್. ಇನ್ನೆಂಟು ಸೇರಿ 20, ಬೋಬಾ ಫೆಟ್ ಬಂದು 21. 1980ರಲ್ಲಿ ಎರಡನೆಯ ಸಿನೆಮಾದ ಕಾರ್ಡಿನಲ್ಲಿ 31, ಆಮೇಲೆ 41, 45, 47, 48. 1983ರಲ್ಲಿ ಮೂರನೆಯ ಸಿನೆಮಾಕ್ಕೆ 65, 77, 79. 1985ರ ಕೊನೆಯ ಸರಣಿಯಲ್ಲಿ 92, ಜೊತೆಗೊಂದು ಅಲ್ಯೂಮಿನಿಯಂ ನಾಣ್ಯ. ನಡುವೆ ಇನ್ನೂ ಹಲವು. ಒಂದೊಂದು ಸಂಖ್ಯೆಯೊಳಗೂ ಎ, ಬಿ, ಸಿ ಎಂದು ಉಪಭೇದಗಳು.

ಗಮನಿಸಬೇಕಾದದ್ದು ಏನೆಂದರೆ ಅದೇ ಡಾರ್ತ್ ವೇಡರ್ ಗೊಂಬೆ ಏಳೆಂಟು ವರ್ಷ ಮಾರಾಟದಲ್ಲಿತ್ತು. ಗೊಂಬೆಯನ್ನಷ್ಟೇ ಕೈಗೆ ಕೊಟ್ಟರೆ ಅದು 1979ರದೋ 1983ರದೋ ಎಂದು ಹೇಳುವುದು ಬಹಳ ಕಷ್ಟ. ಕಾರ್ಡು ಕೊಟ್ಟರೆ ಕೆಲವು ತಿಂಗಳ ಅಂತರಕ್ಕೆ ಹೇಳಬಹುದು. ನನ್ನ ಕಾದಂಬರಿಗಳ ಕತೆಯೇ ಇದು.

ಕಾರ್ಡು ಬೇರೆ ಸಂಗತಿಗಳನ್ನೂ ಹೇಳುತ್ತದೆ. ಮೇಲ್ತುದಿಯ ತೂತು ಒಡೆದಿದ್ದರೆ ಅದು ಅಂಗಡಿಯ ಕೊಕ್ಕೆಯಲ್ಲಿ ತೂಗಿತ್ತು, ಒಡೆಯದಿದ್ದರೆ ಪೆಟ್ಟಿಗೆಯಿಂದಲೇ ಯಾರದೋ ಕೈಸೇರಿತು. ಬೆಲೆಯ ಚೀಟಿಯ ಮೇಲೆ ಇನ್ನೊಂದು ಕಡಿಮೆ ಬೆಲೆಯ ಚೀಟಿ, ಅದರ ಮೇಲೆ ಮತ್ತೊಂದು ಅಂಟಿಸಿದ್ದರೆ ಸಿನೆಮಾದ ಜ್ವರ ಇಳಿದ ಮೇಲೆ ಅಂಗಡಿಯವನು ಹೇಗಾದರೂ ಖಾಲಿ ಮಾಡಿಕೊಳ್ಳಲು ಹೆಣಗಿದ ಕುರುಹು. ಮೂರನೆಯ ಸಿನೆಮಾಕ್ಕೆ ಮೊದಲು 'ರಿವೆಂಜ್ ಆಫ್ ದಿ ಜೇಡೈ' ಎಂದು ಹೆಸರಿಟ್ಟಿದ್ದರು. ಜೇಡೈಗಳು ಸೇಡು ತೀರಿಸಿಕೊಳ್ಳುವವರಲ್ಲ ಎಂದು ಕೊನೆಯ ಗಳಿಗೆಯಲ್ಲಿ 'ರಿಟರ್ನ್' ಆಯಿತು. ಅಷ್ಟರಲ್ಲಿ ಕೆನ್ನರ್ ಹಳೆಯ ಹೆಸರಿನಲ್ಲಿ ಕಾರ್ಡುಗಳ ಪ್ರೂಫ್ ತೆಗೆಸಿಬಿಟ್ಟಿತ್ತು. ಗುಳ್ಳೆ ಇಲ್ಲದ, ಗೊಂಬೆ ಇಲ್ಲದ ಆ ಪ್ರೂಫ್ ಹಾಳೆಗಳು ಈಗ ಸಂಗ್ರಾಹಕರ ಕಪಾಟುಗಳಲ್ಲಿವೆ. ನಾವು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲನ್ನು ಓದುವ ಹಾಗೆ ಅವರು ಅದನ್ನು ಓದುತ್ತಾರೆ.

ಇದರ ನಡುವೆ ನನಗೆ ಬಹಳ ಇಷ್ಟವಾದದ್ದು ಜಾವಾ ಎಂಬ ಕುಳ್ಳ ಗೊಂಬೆಯ ಹೊದಿಕೆ. ಮೊದಮೊದಲು ಬಂದ ಜಾವಾಗೆ ಕಂದು ಬಣ್ಣದ ವಿನೈಲ್ ಹೊದಿಕೆ ಇತ್ತು. ಬೇರೆ ಗೊಂಬೆಗಳಷ್ಟೇ ಬೆಲೆ, ಆದರೆ ಇದು ಗಾತ್ರದಲ್ಲಿ ಚಿಕ್ಕದು. ತಂದೆತಾಯಿಗೆ ಮೋಸವೆನಿಸಬಾರದೆಂದು ಕಂಪನಿ ಬೇಗನೆ ವಿನೈಲ್ ತೆಗೆದು ಬಟ್ಟೆಯ ನಿಲುವಂಗಿ ಹೊಲಿಸಿ ಹಾಕಿತು. ಅಗ್ಗವೆಂದು ಕೈಬಿಟ್ಟ ವಿನೈಲ್ ಹೊದಿಕೆಯೇ ಈಗ ಅಪರೂಪ, ದುಬಾರಿ. ಓಬಿ-ವಾನ್ ಕೆನೋಬಿ ಗೊಂಬೆಯ ಉದ್ದನೆಯ ವಿನೈಲ್ ಮೇಲಂಗಿಯನ್ನು ಕತ್ತರಿಸಿ ಜಾವಾಗೆ ತೊಡಿಸಿ ಮಾರುವ ವಂಚಕರು ಹುಟ್ಟಿಕೊಂಡರು. ಅವರನ್ನು ಹಿಡಿಯಲು ವಿನೈಲಿನ ಬಣ್ಣ, ಅಂಚಿನ ಕತ್ತರಿ ಗುರುತು, ತೋಳಿನ ತೂತಿನ ಆಕಾರ ಎಲ್ಲದರ ಮೇಲೂ ತಜ್ಞತೆ ಬೆಳೆಯಿತು. ಶಾಸನಗಳ ಕೂಟಲಿಪಿಯನ್ನು ಪತ್ತೆಹಚ್ಚುವವರ ತಾಳ್ಮೆಗೂ ಇದಕ್ಕೂ ನನಗೇನೂ ಅಂತರ ಕಾಣದು. ಮೊದಲ ಲ್ಯೂಕ್, ವೇಡರ್, ಕೆನೋಬಿ ಗೊಂಬೆಗಳಲ್ಲಿ ಕೆಲವಕ್ಕೆ ಮಾತ್ರ ಎರಡು ಹಂತದಲ್ಲಿ ಉದ್ದವಾಗುವ ಬೆಳಕಿನ ಖಡ್ಗವಿತ್ತು, ಅದಕ್ಕೂ ಇಂಥದೇ ಕತೆ.

ಪ್ಲೇಸೆಟ್ಟುಗಳ ವಿಷಯಕ್ಕೆ ಬಂದರೆ ಇತಿಹಾಸ ಇನ್ನಷ್ಟು ಹರಡಿಕೊಳ್ಳುತ್ತದೆ. ಗೊಂಬೆಗಳನ್ನು ನಿಲ್ಲಿಸಿ ಆಡಿಸಲು ಮಾಡಿದ ಮನೆ, ಕೋಟೆ, ನೌಕೆಯ ಒಳಾಂಗಣ ಇವು. 1978ರ ಡೆತ್ ಸ್ಟಾರ್ ಅಮೆರಿಕದಲ್ಲಿ ಹಲವು ಅಂತಸ್ತಿನ ಪ್ಲಾಸ್ಟಿಕ್ ಗೋಪುರ. ಮೇಲಕ್ಕೂ ಕೆಳಕ್ಕೂ ಓಡುವ ಲಿಫ್ಟು, ತುದಿಯಲ್ಲಿ ತೋಪು, ತಳದಲ್ಲಿ ಕಸ ಹಿಂಡುವ ಕೋಣೆ. ಆ ಕೋಣೆಗೆ ತುಂಬಲು ಬಣ್ಣಬಣ್ಣದ ಸ್ಪಂಜಿನ ಚೂರುಗಳು, ಒಂದು ಹಸಿರು ಪ್ರಾಣಿ. ಸ್ಪಂಜಿನ ಚೂರುಗಳೇ ಮೊದಲು ಕಳೆದುಹೋಗುವಂಥವು, ಹಾಗಾಗಿ ಇಂದು ಅವುಗಳನ್ನೇ ಬಿಡಿಯಾಗಿ ಕೊಳ್ಳುವವರಿದ್ದಾರೆ. ಕಸದ ಪಾತ್ರ ವಹಿಸಲೆಂದು ಮಾಡಿದ ಸ್ಪಂಜಿಗೆ ಇಂಥ ಯೋಗ! ಅದೇ ಡೆತ್ ಸ್ಟಾರ್ ಇಂಗ್ಲೆಂಡಿನಲ್ಲಿ ರಟ್ಟಿನದು. ಲೆಸ್ಟರ್‌ಶೈರ್‌ನ ಕೋಲ್‌ವಿಲ್ ಎಂಬ ಗಣಿ ಊರಿನಲ್ಲಿದ್ದ ಪಾಲಿಟಾಯ್ ಕಂಪನಿಯೂ ಜನರಲ್ ಮಿಲ್ಸ್ ಕುಟುಂಬಕ್ಕೇ ಸೇರಿತ್ತು. ಅವರು ಅಗ್ಗವಾಗಲೆಂದು ಮುದ್ರಿತ ರಟ್ಟನ್ನು ಮಡಚಿ ಕೂಡಿಸುವ ಸೆಟ್ಟು ಮಾಡಿದರು. ತಮಾಷೆಯೆಂದರೆ ದುಂಡನೆಯ ಹೊರಮೈಯ ಈ ಬಡ ಆವೃತ್ತಿಯೇ ಸಿನೆಮಾದ ಗೋಳಾಕಾರಕ್ಕೆ ಹತ್ತಿರ. ರಟ್ಟು ಬೇಗ ಹರಿಯುತ್ತದೆ, ಆದ್ದರಿಂದ ಪೂರ್ತಿಯಾಗಿ ಉಳಿದದ್ದು ಕಡಿಮೆ.

ಸಿಯರ್ಸ್ ಅಂಗಡಿಗಳಿಗೆಂದೇ ಮಾಡಿದ ಮದ್ಯದಂಗಡಿಯ ಸೆಟ್ಟೊಂದಿತ್ತು. ಅದರಲ್ಲಿ ನಾಲ್ಕು ವಿಚಿತ್ರ ಜೀವಿಗಳು. ಅವುಗಳಲ್ಲಿ ಸ್ನ್ಯಾಗಲ್‌ಟೂತ್ ಎಂಬಾತ ಎತ್ತರದ ಆಳು, ನೀಲಿ ಉಡುಪು, ಬೆಳ್ಳಿ ಬಣ್ಣದ ಬೂಟು. ಸಿನೆಮಾದಲ್ಲಿ ಆತ ಕುಳ್ಳ, ಉಡುಪು ಕೆಂಪು. ವಿನ್ಯಾಸಕಾರರಿಗೆ ಕಳಿಸಿದ್ದ ಫೋಟೋ ಕಪ್ಪುಬಿಳುಪಿನದು, ಅದೂ ಸೊಂಟದಿಂದ ಮೇಲಕ್ಕೆ ಮಾತ್ರ. ಉಳಿದರ್ಧವನ್ನು ಅವರು ಊಹಿಸಿಕೊಂಡರು. ತಪ್ಪು ತಿಳಿದ ಮೇಲೆ ಬಿಡಿ ಕಾರ್ಡಿನಲ್ಲಿ ಕುಳ್ಳ ಕೆಂಪು ಗೊಂಬೆ ಬಂತು. ನೀಲಿಯವನು ಸಿಯರ್ಸ್ ಸೆಟ್ಟಿನಲ್ಲಷ್ಟೇ ಉಳಿದ. ಅರ್ಧ ಆಕರ ಇಟ್ಟುಕೊಂಡು ಪೂರ್ತಿ ದೇಹ ಕಟ್ಟುವುದು ನಮ್ಮ ಕಸುಬಿನಲ್ಲೂ ದಿನನಿತ್ಯದ್ದು. ಆದರೆ ನಮ್ಮ ತಪ್ಪುಗಳಿಗೆ ಯಾರೂ ಹರಾಜಿನಲ್ಲಿ ಹೆಚ್ಚು ಹಣ ಕೊಡುವುದಿಲ್ಲ.

ಈವಾಕ್ ಎಂಬ ಕರಡಿಮರಿಯಂಥ ಜೀವಿಗಳ ಮರದ ಮೇಲಿನ ಹಳ್ಳಿ 1983ರ ಸೆಟ್ಟು. 1991ರಲ್ಲಿ ರಾಬಿನ್ ಹುಡ್ ಸಿನೆಮಾದ ಆಟಿಕೆಗಳನ್ನು ಮಾಡುವಾಗ ಕೆನ್ನರ್ ಅದೇ ಅಚ್ಚುಗಳನ್ನು ಅಟ್ಟದಿಂದ ಇಳಿಸಿ ಶೆರ್‌ವುಡ್ ಕಾಡಿನ ಹಳ್ಳಿ ಎಂದು ಮಾರಿತು. ದಪ್ಪ ಹೊಟ್ಟೆಯ ಹಂದಿಮೋರೆ ಕಾವಲುಗಾರನ ಮೈಗೆ ಸನ್ಯಾಸಿಯ ತಲೆ ಸಿಕ್ಕಿಸಿ ಫ್ರಯರ್ ಟಕ್ ಆಯಿತು. ಅಚ್ಚು ಉಕ್ಕಿನದು, ಅದಕ್ಕೆ ಹಾಕಿದ ಹಣ ದೊಡ್ಡದು, ಕತೆ ಮಾತ್ರ ಮೇಲೆ ಬಳಿದ ಬಣ್ಣ.

ಅಚ್ಚಿನ ಮಾತು ಬಂದದ್ದರಿಂದ ಗೊಂಬೆಯ ಕಾಲಿನ ಹಿಂಬದಿ ನೋಡಬೇಕು. ಅಲ್ಲಿ ಉಗುರಿನ ಅಗಲದ ಜಾಗದಲ್ಲಿ ಹಕ್ಕುಸ್ವಾಮ್ಯದ ಇಸವಿ, ಕಂಪನಿಯ ಮೊದಲಕ್ಷರಗಳು, ಕೆಳಗೆ 'ಹಾಂಗ್‌ಕಾಂಗ್'. ಬೇರೆ ಗೊಂಬೆಗಳಲ್ಲಿ ತೈವಾನ್, ಮಕಾವ್, ಚೀನಾ. ಕೆಲವುದರಲ್ಲಿ ಊರಿನ ಹೆಸರಿದ್ದ ಜಾಗ ಉಜ್ಜಿದ ಹಾಗೆ ಬೋಳು. ಅಚ್ಚನ್ನು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಹಳೆಯ ಊರನ್ನು ಅಳಿಸಿದ ಗಾಯದ ಗುರುತು ಅದು. ಸಂಗ್ರಾಹಕರು ಈ ಅಕ್ಷರಗಳ ಎತ್ತರ, ಸಾಲಿನ ಓರೆ ಎಲ್ಲವನ್ನೂ ಪಟ್ಟಿ ಮಾಡಿ ಇಂಥ ಅಚ್ಚಿನದು ಇಂಥ ಕುಟುಂಬದ್ದು ಎಂದು ವಂಶವೃಕ್ಷ ಕಟ್ಟಿದ್ದಾರೆ. ಪುಣ್ಯದ ಕೆಲಸ. ಆದರೆ ಆ ವೃಕ್ಷದಲ್ಲಿ ಗೊಂಬೆಯ ಕಣ್ಣಿಗೆ ಚುಕ್ಕೆ ಇಟ್ಟ, ತಗಡಿನ ಕೊರೆದ ಪಡಿಯಚ್ಚನ್ನು ಮುಖಕ್ಕೆ ಹಿಡಿದು ಕೂದಲಿಗೆ ಬಣ್ಣ ಸಿಂಪಡಿಸಿದ ಕೈಗಳಿಗೆ ಜಾಗವಿಲ್ಲ. ಕಂದು ಕೂದಲಿನ ಲ್ಯೂಕ್, ಹಳದಿ ಕೂದಲಿನ ಲ್ಯೂಕ್ ಎಂದು ಪಾಠಾಂತರ ಗುರುತಿಸುತ್ತಾರೆ. ಬೇರೆ ಡಬ್ಬಿಯ ಬಣ್ಣ ಕೈಗೆತ್ತಿಕೊಂಡ ಆ ದಿನದ ಹಾಂಗ್‌ಕಾಂಗಿನ ಕೆಲಸಗಾರ್ತಿ ಎಷ್ಟು ಹೊತ್ತಿನ ಪಾಳಿಯಲ್ಲಿದ್ದಳು ಎಂದು ಕೇಳಲು ಕಾರ್ಡಿನ ಬೆನ್ನಿನಲ್ಲಿ ಏನೂ ಇಲ್ಲ. ನನ್ನ ಪ್ರಬಂಧದಲ್ಲೂ ಅಚ್ಚುಮೊಳೆ ಜೋಡಿಸಿದವರ ಅಧ್ಯಾಯ ಎಲ್ಲಕ್ಕಿಂತ ತೆಳ್ಳಗಿದೆ. ಹಾಗಾಗಿ ಇಲ್ಲಿ ಬೆರಳು ತೋರಿಸುವ ಹಕ್ಕು ನನಗಿಲ್ಲ.

ಇನ್ನು ಬೋಬಾ ಫೆಟ್. ಬೆನ್ನಿಗೆ ರಾಕೆಟ್ ಕಟ್ಟಿಕೊಂಡ ಬಾಡಿಗೆ ಬೇಟೆಗಾರ. ಎರಡನೆಯ ಸಿನೆಮಾಕ್ಕೆ ಮೊದಲೇ, ನಾಲ್ಕು ಗೊಂಬೆ ಕೊಂಡ ಗುರುತಿನ ಚೀಟಿಗಳನ್ನು ಕಾರ್ಡಿನಿಂದ ಕತ್ತರಿಸಿ ಕಳಿಸಿದರೆ ಈತ ಉಚಿತ ಎಂದು ಕೆನ್ನರ್ 1979ರಲ್ಲಿ ಸಾರಿತು. ಬೆನ್ನಿನ ಸ್ಪ್ರಿಂಗ್ ಒತ್ತಿದರೆ ಪುಟ್ಟ ಕೆಂಪು ರಾಕೆಟ್ ಹಾರುವುದು ಆಕರ್ಷಣೆ. ಅದೇ ಹೊತ್ತಿಗೆ, 1978-79ರ ಚಳಿಗಾಲದಲ್ಲಿ, ಇನ್ನೊಂದು ಬಾಹ್ಯಾಕಾಶ ಕಥೆಯಾದ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾದ ಆಟಿಕೆಯಿಂದ ಹಾರಿದ ಅಂಥದೇ ಸಣ್ಣ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಂದು ಮಗು ಸತ್ತಿತು. ಕೆನ್ನರ್ ರಾಕೆಟ್ಟನ್ನು ಅಂಟಿಸಿ ಭದ್ರಮಾಡಿಯೇ ಗೊಂಬೆಗಳನ್ನು ಕಳಿಸಿತು. ಸುರಕ್ಷತೆಗಾಗಿ ಹೀಗೆ ಮಾಡಿದ್ದೇವೆ ಎಂಬ ಪತ್ರ ಜೊತೆಗಿತ್ತು. ಆಗಲೇ ಅಚ್ಚಾಗಿದ್ದ ಕಾರ್ಡುಗಳಲ್ಲಿ ರಾಕೆಟ್ ಹಾರುವ ಚಿತ್ರದ ಮೇಲೆ ಸ್ಟಿಕ್ಕರ್ ಅಂಟಿಸಿದರು.

ಸಂಗ್ರಾಹಕರಿಗೆ ಆ ಸ್ಟಿಕ್ಕರ್ ಒಂದು ಉಪಭೇದ. ಅದನ್ನು ಹೆಸರಿಟ್ಟು, ಎಣಿಸಿ, ಹೋಲಿಸಿ ನೋಡುತ್ತಾರೆ. ನಾನೂ ಹಾಗೇ ನೋಡುತ್ತಿದ್ದೆ, ಅದು ಏಕೆ ಬಂತೆಂದು ಓದುವವರೆಗೆ. ರಾಕೆಟ್ ಹಾರುವ ಬೋಬಾ ಫೆಟ್ ಯಾವ ಅಂಗಡಿಯಲ್ಲೂ ಮಾರಾಟವಾಗಲಿಲ್ಲ. ಪರೀಕ್ಷೆಗೆಂದು ಮಾಡಿದ ಕೆಲವು ಮೂಲಮಾದರಿಗಳು ಮಾತ್ರ ಉಳಿದುಕೊಂಡವು. ಅಂಥದೊಂದು 2024ರಲ್ಲಿ ಅಮೆರಿಕದ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ಮಕ್ಕಳ ಕೈಗೆ ಕೊಡಬಾರದೆಂದು ತಡೆದ ಗೊಂಬೆ ಅದು.

ಮೊದಲಿಗೆ ಹೇಳಿದ ತೊಡಕು ಇಲ್ಲಿದೆ. ಆಟಿಕೆ ಆಡುವುದಕ್ಕೆ ಇರುವುದು, ಪೊಟ್ಟಣ ಹರಿಯುವುದಕ್ಕೆ. ಇತಿಹಾಸಕಾರನಿಗೆ ಬೇಕಾದ ಇಸವಿ, ಬೆಲೆ, ಅಂಗಡಿ, ದೇಶ, ಭಾಷೆ ಎಲ್ಲ ಪೊಟ್ಟಣದ ಮೇಲಿದೆ. ಯುರೋಪಿಗೆಂದು ಮೂರು ಭಾಷೆಗಳಲ್ಲಿ ಸಿನೆಮಾದ ಹೆಸರು ಅಚ್ಚಾದ ಕಾರ್ಡು, ಕೆನಡಾದ ಇಂಗ್ಲಿಷ್-ಫ್ರೆಂಚ್ ಕಾರ್ಡು, ಟರ್ಕಿಯಲ್ಲಿ 'ಉಝಾಯ್' ಅಂದರೆ ಬಾಹ್ಯಾಕಾಶ ಎಂಬ ಹೆಸರಿನಲ್ಲಿ ಪರವಾನಗಿ ಇಲ್ಲದೆ ಮಾಡಿದ ನಕಲಿ ಗೊಂಬೆಗಳ ಕಾರ್ಡು. ಇವೆಲ್ಲ ಇಲ್ಲದಿದ್ದರೆ ಈ ಗೊಂಬೆಗಳು ಜಗತ್ತು ಸುತ್ತಿದ ಬಗೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ಅಷ್ಟೆಲ್ಲ ಹೇಳಬಲ್ಲ ಪೊಟ್ಟಣ ಉಳಿದಿದೆ ಎಂದರೆ ಅದರೊಳಗಿನ ಗೊಂಬೆಯನ್ನು ಯಾರೂ ಆಡಲಿಲ್ಲ ಎಂದರ್ಥ. ನಮ್ಮ ಅತ್ಯುತ್ತಮ ಆಕರಗಳು ಬಾಲ್ಯ ತಲುಪದ ಜಾಗಗಳಿಂದ ಬಂದವು. ಮಾರಾಟವಾಗದ ದಾಸ್ತಾನು, ಗೋದಾಮಿನಲ್ಲಿ ಮರೆತ ಪೆಟ್ಟಿಗೆ, ಕಂಪನಿ ನೌಕರರ ಮೇಜಿನ ಖಾನೆ, ಕೊಡುವ ಮುನ್ನವೇ ಬೀರುವಿನಲ್ಲಿ ಉಳಿದುಹೋದ ಉಡುಗೊರೆ. ಕತ್ತಿ ಕಳೆದುಕೊಂಡು, ಮೂಗಿನ ಬಣ್ಣ ಹೋಗಿ, ಬಿಸಿಲಿಗೆ ಹಳದಿ ತಿರುಗಿದ ಬಿಡಿ ಸೈನಿಕನನ್ನು ಪುಡಿಗಾಸಿಗೆ ಮಾರುತ್ತಾರೆ. ಆದರೆ ಒಂದು ಮಗು ಏನು ಮಾಡಿತು ಎಂಬ ಪ್ರಶ್ನೆಗೆ ಉತ್ತರ ಇರುವುದು ಅವನ ಮೈಮೇಲೆ. ಬೋಬಾ ಫೆಟ್‌ಗಾಗಿ ಚೀಟಿ ಕತ್ತರಿಸಿಕೊಂಡ ಕಾರ್ಡಿಗೂ ಬೆಲೆ ಇಳಿಯುತ್ತದೆ. ಆ ಕತ್ತರಿಯ ಅಂಕುಡೊಂಕು ಗೆರೆ ನನಗೆ ಇಡೀ ಕಾರ್ಡಿಗಿಂತ ದೊಡ್ಡ ದಾಖಲೆಯಾಗಿ ಕಾಣುತ್ತದೆ. ಯಾರೋ ಒಂಬತ್ತು ವರ್ಷದವರು ಅಡುಗೆಮನೆಯ ಕತ್ತರಿ ಹಿಡಿದು ಕುಳಿತ ಮಧ್ಯಾಹ್ನ ಅದು.

ಪುಸ್ತಕಗಳ ಲೋಕದಲ್ಲಿ ಇದು ತಿರುವುಮುರುವು. ನಾನು ಕೆಲಸ ಮಾಡುವ ಗ್ರಂಥಾಲಯವೊಂದರಲ್ಲಿ ಹಳೆಯ ಕಾದಂಬರಿಗಳಿಗೆಲ್ಲ ಗಟ್ಟಿ ರಟ್ಟು ಹಾಕಿ, ಕಂದು ಬಟ್ಟೆ ಸುತ್ತಿ ಬೈಂಡ್ ಮಾಡಿಸಿದ್ದಾರೆ. ಓದುಗರ ಕೈಯಲ್ಲಿ ಬಾಳಿಕೆ ಬರಲಿ ಎಂಬ ಒಳ್ಳೆಯ ಉದ್ದೇಶದಿಂದಲೇ. ಬೈಂಡರ್ ಮೊದಲು ಮಾಡಿದ ಕೆಲಸ ಮೂಲ ರಕ್ಷಾಪುಟಗಳನ್ನು ಕಿತ್ತು ಬಿಸಾಡಿದ್ದು. ಒಳಗೆ ಓದಿದವರ ಗುರುತೆಲ್ಲ ಇದೆ. ಎಣ್ಣೆ ಕಲೆ, ಬಸ್ ಟಿಕೆಟ್, ನಾಯಕಿಗೆ ಯಾರೋ ಪೆನ್ಸಿಲ್ಲಿನಲ್ಲಿ ಕೊಟ್ಟ ಬುದ್ಧಿಮಾತು. ಇಸವಿ ಇಲ್ಲ, ಪಟ್ಟಿ ಇಲ್ಲ, ಬೆಲೆ ಇಲ್ಲ. ಸಿನ್ಸಿನಾಟಿಯ ಗೊಂಬೆಗಳ ಚರಿತ್ರೆಯಲ್ಲಿ ಪೊಟ್ಟಣ ಉಳಿದು ಆಟ ಕಳೆದಿದೆ. ನನ್ನ ಚರಿತ್ರೆಯಲ್ಲಿ ಓದು ಉಳಿದು ಪೊಟ್ಟಣ ಕಳೆದಿದೆ. ಎರಡೂ ಒಟ್ಟಿಗೆ ಸಿಗುವ ಪ್ರತಿ ನನಗೆ ನಾಲ್ಕು ವರ್ಷದಲ್ಲಿ ಬೆರಳೆಣಿಕೆಯಷ್ಟು.

ನನ್ನದೂ ಒಂದು ಮೂರೂ ಮುಕ್ಕಾಲು ಇಂಚಿನ ಗೊಂಬೆ ಇತ್ತು. ಸ್ಟಾರ್ ವಾರ್ಸ್‌ನದಲ್ಲ. ಕೆನ್ನರ್ ಗೆದ್ದ ಅಳತೆಯನ್ನು ನೋಡಿ ಹಾಸ್‌ಬ್ರೋ ತನ್ನ ಒಂದಡಿಯ ಜಿ.ಐ. ಜೋವನ್ನು 1982ರಲ್ಲಿ ಅದೇ ಗಾತ್ರಕ್ಕೆ ಕುಗ್ಗಿಸಿತ್ತು. 1987ರಲ್ಲಿ ಹಾಸ್‌ಬ್ರೋ ಮತ್ತು ಎಂಆರ್‌ಎಫ್ ಕೂಡಿ ಫನ್‌ಸ್ಕೂಲ್ ಶುರುಮಾಡಿದ ಮೇಲೆ ಆ ಗೊಂಬೆಗಳು ಇಲ್ಲೇ ತಯಾರಾಗತೊಡಗಿದವು. ಅಮೆರಿಕದಲ್ಲಿ ಹಸಿರಿದ್ದವನು ಇಲ್ಲಿ ಇನ್ನಾವುದೋ ಬಣ್ಣದಲ್ಲಿ ಬರುತ್ತಿದ್ದ. ಈ ಬಣ್ಣಭೇದಗಳಿಗಾಗಿಯೇ ಭಾರತದ ಗೊಂಬೆಗಳನ್ನು ಹುಡುಕುವ ಸಂಗ್ರಾಹಕರು ಹೊರದೇಶಗಳಲ್ಲಿದ್ದಾರೆಂದು ಈಗ ತಿಳಿದಿದೆ. ನನಗೆ ಐದು ತುಂಬಿದಾಗ ಚಿಕ್ಕಪ್ಪ ಬೆಂಗಳೂರಿನಿಂದ ತಂದುಕೊಟ್ಟದ್ದು. ಒಂದು ಹೆಬ್ಬೆರಳು ಮೊದಲ ವಾರವೇ ಮುರಿಯಿತು. ಸೊಂಟದೊಳಗಿನ ರಬ್ಬರ್ ಉಂಗುರ ತುಂಡಾದಾಗ ಅಪ್ಪ ಸೈಕಲ್ ಟ್ಯೂಬಿನ ಚೂರು ಕತ್ತರಿಸಿ ಹಾಕಿಕೊಟ್ಟರು. ಗೊಂಬೆ ಇನ್ನೂ ನನ್ನ ಮೇಜಿನ ಮೇಲಿದೆ. ಅದರ ಹೆಸರೇನು, ಯಾವ ವರ್ಷದ ಸರಣಿ ಎಂದು ಗುರುತಿಸಲು ಕಳೆದ ದಸರಾ ರಜೆಯಲ್ಲಿ ಎರಡು ದಿನ ಕುಳಿತೆ. ಬಣ್ಣ ಅಷ್ಟು ಹೋಗಿದೆ, ಆಗಲಿಲ್ಲ. ಕಾರ್ಡು ಬೇಕಿತ್ತು.

ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ. ಅವಳಿಗೆ ಗೊಂಬೆಗಿಂತ ಕಾರ್ಡಿನ ನೆನಪೇ ಚೆನ್ನಾಗಿತ್ತು. "ಗಟ್ಟಿ ರಟ್ಟು ಕಣೋ ಅದು. ಹಿತ್ತಲ ಕಡೆ ಕಿಟಕಿ ಗಾಳಿಗೆ ಬಡ್ಕೊಳ್ತಿತ್ತಲ್ಲ, ಮಡಚಿ ಸಂದಿಗೆ ಸಿಕ್ಕಿಸಿದ್ದೆ. ಮನೆ ಬಿಡೋವಾಗ್ಲೂ ಅಲ್ಲೇ ಇತ್ತು" ಅಂದಳು. ಆ ಬಾಡಿಗೆ ಮನೆಯನ್ನು ನಾವು ಬಿಟ್ಟದ್ದು 2009ರಲ್ಲಿ.